ಗಾಡಿ ಹಿಂದೆ ಯಾರಿದ್ದಾರೆ ಅಂತ ನೋಡೋದು ಯಾರ ಕೆಲಸ?

ಕೋಲಾರ ಜಿಲ್ಲೆಯ ನಮ್ಮೂರಲ್ಲಿ ನನ್ನ ಮಾಮನ ಹತ್ತಿರ ಒಂದು ಬೊಲೆರೊ ಪಿಕಪ್ ಇದೆ. 2016ರ ಮಾಡೆಲ್. ಟೊಮೆಟೊ ಸೀಸನ್ನಿನಲ್ಲಿ ತೋಟದಿಂದ ಕೋಲಾರದ ಎಪಿಎಂಸಿಗೆ ಬಾಡಿಗೆ ಹೊಡೀತಾರೆ. ಉಳಿದ ದಿನಗಳಲ್ಲಿ ಗೊಬ್ಬರ, ಹುಲ್ಲು, ಸಿಮೆಂಟು, ಮದುವೆ ಮನೆ ಪಾತ್ರೆ, ಏನು ಸಿಕ್ಕರೂ ಸರಿ. ಇಪ್ಪತ್ತೈದು ವರ್ಷದ ಡ್ರೈವಿಂಗ್. ಊರಲ್ಲಿ ಯಾರಿಗಾದರೂ ಗಾಡಿ ಕಲಿಯಬೇಕು ಅಂದ್ರೆ ಇವತ್ತಿಗೂ ಇವರ ಹತ್ತಿರಾನೇ ಬರ್ತಾರೆ.

ಕಳೆದ ಸೀಸನ್ನಿನಲ್ಲಿ ಒಂದು ದಿನ ಬೆಳಗ್ಗೆ ಮನೆ ಮುಂದಿನಿಂದ ಗಾಡಿ ರಿವರ್ಸ್ ತೆಗೀತಾ ಇದ್ದರು. ಎರಡೂ ಕನ್ನಡಿ ನೋಡಿದ್ದರು, ಹಾರ್ನ್ ಹೊಡೆದಿದ್ದರು. ಅತ್ತೆ ಕಿರುಚಿದ್ದು ಕೇಳಿ ಬ್ರೇಕ್ ತುಳಿದರು. ಇಳಿದು ಹಿಂದೆ ಹೋಗಿ ನೋಡಿದರೆ ಎರಡೂವರೆ ವರ್ಷದ ಮೊಮ್ಮಗಳು ಹಿಂದಿನ ಚಕ್ರದಿಂದ ಒಂದು ಮೊಳ ದೂರದಲ್ಲಿ ಕೂತು ಕಡ್ಡಿಯಿಂದ ಮಣ್ಣಲ್ಲಿ ಏನೋ ಗೀಚ್ತಾ ಇದ್ದಳು. ತಲೆ ಎತ್ತಿ ತಾತನನ್ನ ನೋಡಿ ನಕ್ಕಳಂತೆ. ಮಾಮ ಆ ದಿನ ಬಾಡಿಗೆಗೆ ಹೋಗಲಿಲ್ಲ, ಊಟಾನೂ ಮಾಡಲಿಲ್ಲ. ರಾತ್ರಿ ನನಗೆ ಫೋನ್ ಮಾಡಿ ನಡೆದದ್ದು ಏನೂ ಹೇಳದೆ ಒಂದೇ ಮಾತು ಕೇಳಿದರು: "ಲೋ, ನೀನು ಇಂಜಿನಿಯರಿಂಗ್ ಓದಿದ್ದೀಯಲ್ಲಾ, ಗಾಡಿಗೆ ಹಿಂದೆ ಕಾಣೋ ಕ್ಯಾಮ್ರಾ ಹಾಕ್ಕೊಡ್ತೀಯೇನೋ?"

ಎಲೆಕ್ಟ್ರಾನಿಕ್ಸ್ ಡಿಗ್ರಿ ಮಾಡಿ ಪತ್ರಕರ್ತನಾದ ನನಗೆ ಮನೆಯವರು ಇಷ್ಟು ವರ್ಷದಲ್ಲಿ ಕೊಟ್ಟ ಮೊದಲ ಇಂಜಿನಿಯರಿಂಗ್ ಕೆಲಸ ಇದು. ಅಂಗಳದಲ್ಲಿ ನಿಜವಾಗಿ ಏನಾಗಿತ್ತು ಅಂತ ಅತ್ತೆ ಹೇಳಿದ್ದು ನಾನು ಊರಿಗೆ ಹೋದ ಮೇಲೆ.

ಕೆಲಸ ಶುರು ಮಾಡುವ ಮೊದಲು ಒಂದು ಪ್ರಯೋಗ ಮಾಡಿದೆವು. ನಿಮ್ಮ ಮನೆಯಲ್ಲಿ ಗಾಡಿ ಇದ್ದರೆ ನೀವೂ ಮಾಡಿ ನೋಡಿ. ಮಾಮನನ್ನ ಸೀಟಲ್ಲಿ ಕೂರಿಸಿ, ಒಂದು ಪ್ಲಾಸ್ಟಿಕ್ ಬಿಂದಿಗೆಯನ್ನ ಗಾಡಿಯ ಹಿಂದೆ ನಡುಮಧ್ಯಕ್ಕೆ ಇಟ್ಟೆ. ಎತ್ತರ ಹೆಚ್ಚುಕಡಿಮೆ ಕೂತ ಮಗುವಿನಷ್ಟೇ. ಕಾಣಲ್ಲ ಅಂದರು. ಐದು ಹೆಜ್ಜೆ ಹಿಂದಕ್ಕಿಟ್ಟೆ. ಕಾಣಲ್ಲ. ಹತ್ತು ಹೆಜ್ಜೆ, ಆಗಲೂ ಕಾಣಲ್ಲ. ಬಾಡಿ ಖಾಲಿ ಇದ್ದಾಗಲೇ ಈ ಕಥೆ. ಕ್ರೇಟು ತುಂಬಿ ಮೇಲೆ ಟಾರ್ಪಾಲ್ ಕಟ್ಟಿದರೆ ಒಳಗನ್ನಡಿ ಇದ್ದೂ ಇಲ್ಲದ ಹಾಗೆ. ಬಿಂದಿಗೆ ಬಿಡಿ, ಹಿಂದೆ ಆನೆ ನಿಂತರೂ ಗೊತ್ತಾಗಲ್ಲ. ಪಕ್ಕದ ಕನ್ನಡಿಗಳು ತೋರಿಸೋದು ಗಾಡಿಯ ಎರಡು ಪಕ್ಕೆಗಳನ್ನ ಮಾತ್ರ, ಬೆನ್ನನ್ನಲ್ಲ. ಅಂದ್ರೆ ಮಾಮ ಆ ದಿನ ಯಾವ ತಪ್ಪೂ ಮಾಡಿರಲಿಲ್ಲ. ನೋಡಬೇಕಾದ್ದನ್ನೆಲ್ಲಾ ನೋಡಿದ್ದರು. ಕಾಣೋ ಹಾಗೆ ಗಾಡಿಯನ್ನ ಮಾಡೇ ಇರಲಿಲ್ಲ, ಅಷ್ಟೆ.

ವೈರು, ಫ್ಯೂಸು ಮತ್ತು ಒಂದು ಉರಿಯದ ಲೈಟು

ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಕ್ಯಾಮೆರಾ, ಡ್ಯಾಶ್‌ಬೋರ್ಡ್ ಮೇಲಿಡುವ 4.3 ಇಂಚಿನ ಸ್ಕ್ರೀನು, ಉದ್ದದ ವಿಡಿಯೊ ಕೇಬಲ್ಲು, ಫ್ಯೂಸು, ವೈರಿನ ಮೇಲೆ ಹಾಕುವ ಕಪ್ಪು ಸುರುಳಿ ಪೈಪು ಎಲ್ಲಾ ಸೇರಿ ನನಗೆ 2,600 ರೂಪಾಯಿ ಬಿತ್ತು. ತತ್ವ ಬಹಳ ಸರಳ. ರಿವರ್ಸ್ ಗೇರ್ ಹಾಕಿದಾಗ ಹಿಂದಿನ ಬಿಳಿ ಲೈಟಿಗೆ 12 ವೋಲ್ಟ್ ಬರುತ್ತೆ. ಅದೇ ವೈರಿನಿಂದ ಕ್ಯಾಮೆರಾಗೆ ಕರೆಂಟು. ವಿಡಿಯೊ ಕೇಬಲ್ಲಿನ ಜೊತೆಗೇ ಬರುವ ಒಂದು ಸಣ್ಣ ಕೆಂಪು ವೈರಿನ ಮೂಲಕ ಅದೇ 12 ವೋಲ್ಟು ಮುಂದಿನ ಸ್ಕ್ರೀನಿಗೂ ತಲುಪಿ 'ಈಗ ಹಿಂದಿನದ್ದು ತೋರಿಸು' ಅಂತ ಹೇಳುತ್ತೆ. ಇದು ಕಾಲೇಜಿನ ಮೊದಲ ವರ್ಷದ ಪಾಠ.

ಆದರೆ ರಿವರ್ಸ್ ಗೇರ್ ಹಾಕಿ ಟೆಸ್ಟರ್ ಇಟ್ಟರೆ ಆ ವೈರಿನಲ್ಲಿ ಕರೆಂಟೇ ಇಲ್ಲ. ಗೇರ್‌ಬಾಕ್ಸಿನ ಮೇಲಿರುವ ರಿವರ್ಸ್ ಸ್ವಿಚ್ಚು ತುಕ್ಕು ಹಿಡಿದು ಯಾವ ಕಾಲಕ್ಕೋ ಸತ್ತಿತ್ತು. ಗಾಡಿಯ ರಿವರ್ಸ್ ಲೈಟು ಎಷ್ಟು ದಿನದಿಂದ ಉರೀತಿಲ್ಲ ಅಂತ ಯಾರಿಗೂ ಗೊತ್ತಿಲ್ಲ. ನಡುವೆ ಎಫ್‌ಸಿ ಮಾತ್ರ ಆಗಿದೆ. ಇದರ ಬಗ್ಗೆ ಮುಂದೆ ಹೇಳ್ತೀನಿ. ಮೊದಲು ಮೆಕ್ಯಾನಿಕ್ ಕರೆದು ಆ ಸ್ವಿಚ್ಚು ಬದಲಾಯಿಸಿದೆವು.

ಮುಂದಿನ ಪ್ರಶ್ನೆ, ಕ್ಯಾಮೆರಾ ಎಲ್ಲಿ ಕೂರಿಸೋದು? ಕಾರಿಗೆ ಈ ಪ್ರಶ್ನೆ ಅಷ್ಟಾಗಿ ಬರಲ್ಲ. ಪಿಕಪ್‌ಗೆ ಬರುತ್ತೆ. ಹಿಂದಿನ ಡೋರಿನ ಮೇಲೆ ಹಾಕಿದರೆ ಒಳ್ಳೆ ಎತ್ತರ ಸಿಗುತ್ತೆ, ಆದರೆ ಲೋಡಿಂಗ್ ಮಾಡುವಾಗ ಡೋರ್ ಕೆಳಗಿಳಿಸಿದರೆ ಅದು ನೆಲ ನೋಡುತ್ತೆ, ಕೀಲಿನ ಹತ್ತಿರ ವೈರು ನುರಿದು ಆರು ತಿಂಗಳಿಗೆ ತುಂಡಾಗುತ್ತೆ. ಉದ್ದದ ಸಾಮಾನು ಹಾಕುವಾಗ ಡೋರನ್ನೇ ಬಿಚ್ಚಿಡೋದೂ ಉಂಟು. ಹಾಗಾಗಿ ಕೆಳಗೆ, ನಂಬರ್ ಪ್ಲೇಟಿನ ಮೇಲಿನ ಪಟ್ಟಿಗೆ ಬೋಲ್ಟ್ ಮಾಡಿದೆವು. ಅಲ್ಲಿಂದ ಚಕ್ರದ ಹತ್ತಿರದ ಜಾಗ ಚೆನ್ನಾಗಿ ಕಾಣುತ್ತೆ. ಆದರೆ ಕೆಸರಿಗೂ ಅದೇ ನೇರ ದಾರಿ. ಕೇಬಲ್ಲನ್ನ ಸೈಲೆನ್ಸರ್ ಇಲ್ಲದ ಪಕ್ಕದಲ್ಲಿ, ಚಾಸಿಯ ಒಳಮೈಗೆ, ಪ್ಲೇಟಿನ ಪಟ್ಟಾಗೂ ಪ್ರೊಪೆಲ್ಲರ್ ಶಾಫ್ಟಿಗೂ ತಾಗದ ಹಾಗೆ ಗೇಣಿಗೊಂದು ಟೈ ಹಾಕಿ ಕಟ್ಟಿಕೊಂಡು ಬಂದು, ರಬ್ಬರ್ ಬುಷ್ ಮೂಲಕ ಕ್ಯಾಬಿನ್ನಿನ ಒಳಗೆ ತಂದೆವು. ಅರ್ತ್ ಕೊಡುವ ಜಾಗದಲ್ಲಿ ಪೇಂಟ್ ಕೆರೆದು ಲೋಹ ಕಾಣಿಸಬೇಕು, ಇಲ್ಲಾಂದ್ರೆ ಸ್ಕ್ರೀನಿನಲ್ಲಿ ಗೆರೆ ಗೆರೆ ಓಡುತ್ತೆ.

ಮೊದಲ ಸಲ ಆನ್ ಮಾಡಿದಾಗ ಚಿತ್ರ ಬಂತು. ಎಲ್ಲರೂ ಖುಷಿ. ನಾನು ಹಿಂದೆ ಹೋಗಿ ಎಡಗಡೆ ನಿಂತೆ. "ಬಲಗಡೆ ಕಾಣ್ತಿದ್ದೀಯಲ್ಲೋ" ಅಂದರು ಮಾಮ. ಇದು ತಮಾಷೆ ವಿಷಯ ಅಲ್ಲ. ರಿವರ್ಸ್ ಕ್ಯಾಮೆರಾದ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿರಬೇಕು. ನಮಗೆ ಸಿಕ್ಕಿದ ಥರದ ಕ್ಯಾಮೆರಾಗಳನ್ನ ಗಾಡಿಯ ಮುಂದಕ್ಕೂ ಹಿಂದಕ್ಕೂ ಹಾಕಬಹುದು. ಅದಕ್ಕೇ ಬಾಲದಲ್ಲಿ ಒಂದು ಪುಟ್ಟ ವೈರಿನ ಕುಣಿಕೆ ಬಿಟ್ಟಿರ್ತಾರೆ, ಅದನ್ನ ಕತ್ತರಿಸಿದರೆ ಚಿತ್ರ ತಿರುಗುತ್ತೆ. ಹಾಗಂತ ಡಬ್ಬಿಯ ಮೇಲೆ ಎಲ್ಲೂ ಬರೆದಿರಲಿಲ್ಲ. ಎಡಕ್ಕಿರುವ ಮಗುವನ್ನ ಬಲಕ್ಕೆ ತೋರಿಸುವ ಕ್ಯಾಮೆರಾಗಿಂತ ಕ್ಯಾಮೆರಾ ಇಲ್ಲದೇ ಇರೋದೇ ವಾಸಿ.

ಸ್ಕ್ರೀನಿನ ಮೇಲೆ ಕೆಂಪು, ಹಳದಿ, ಹಸಿರು ಗೆರೆಗಳೂ ಬರ್ತವೆ. ಕೆಂಪು ಅಂದ್ರೆ ಹತ್ತಿರ ಅಂತ ಅಂದ್ಕೊಳ್ತೀವಿ. ಆ ಗೆರೆ ಎಳೆದ ಪುಣ್ಯಾತ್ಮನಿಗೆ ನಿಮ್ಮ ಗಾಡಿ ಎಷ್ಟು ಎತ್ತರ, ಎಷ್ಟು ಅಗಲ ಅಂತ ಗೊತ್ತಿಲ್ಲ. ಅಗಲ ನೋಟದ ಲೆನ್ಸ್ ಬೇರೆ, ಎಲ್ಲವೂ ಇರೋದಕ್ಕಿಂತ ದೂರ ಕಾಣುತ್ತೆ. ನಾವು ಒಂದು, ಎರಡು, ಮೂರು ಮೀಟರಿಗೆ ಇಟ್ಟಿಗೆ ಇಟ್ಟು ಅಳೆದೆವು. ಒಂದು ಮೀಟರಿನ ಇಟ್ಟಿಗೆ ಸ್ಕ್ರೀನಿನ ಹಸಿರು ಗೆರೆ ಹತ್ತಿರ ಕೂತಿತ್ತು! ಮಾಮ ಅಷ್ಟೂ ಗೆರೆಗಳನ್ನ ಬಿಟ್ಟು, ಒಂದು ಮೀಟರ್ ಎಲ್ಲಿ ಕಾಣುತ್ತೋ ಅಲ್ಲಿಗೆ ಇನ್ಸುಲೇಷನ್ ಟೇಪಿನ ಒಂದು ತುಂಡು ಅಂಟಿಸಿದರು. ಆ ಕಪ್ಪು ಟೇಪು ಈಗಲೂ ಅಲ್ಲೇ ಇದೆ.

ಇಷ್ಟು ವಿವರ ಯಾಕೆ ಕೊಟ್ಟೆ ಅಂದ್ರೆ, 'ಕ್ಯಾಮೆರಾ ಹಾಕಿಸ್ಕೊಳ್ಳಿ, ಎರಡು ಮೂರು ಸಾವಿರ ಅಷ್ಟೇ' ಅಂತ ಸಲಹೆ ಕೊಡೋದು ಬಹಳ ಸುಲಭ. ಒಬ್ಬ ಇಂಜಿನಿಯರಿಂಗ್ ಪದವೀಧರ, ಒಬ್ಬ ಮೆಕ್ಯಾನಿಕ್, ಒಬ್ಬ ಡ್ರೈವರ್ ಸೇರಿ ಒಂದೂವರೆ ದಿನ ಒದ್ದಾಡಿದ್ದಕ್ಕೆ ನಮ್ಮ ಕ್ಯಾಮೆರಾ ನಿಜ ಹೇಳುತ್ತೆ. ಇದನ್ನ ಪ್ರತಿಯೊಬ್ಬ ಡ್ರೈವರ್ ಸ್ವಂತ ಖರ್ಚಿನಲ್ಲಿ, ಸ್ವಂತ ತಲೆಯಲ್ಲಿ ಮಾಡ್ಕೋಬೇಕು ಅನ್ನೋದು ಯಾವ ನ್ಯಾಯ?

ಒಂದು ಮಗುವಿನ ಹೆಸರಿನ ಕಾನೂನು

ಪಿಕಪ್‌ಗಳ ದೇಶ ಅಂದ್ರೆ ಅಮೆರಿಕ. ಅಲ್ಲಿ ಇದೇ ಪ್ರಶ್ನೆ ಹೇಗೆ ಬಗೆಹರಿಯಿತು ಅನ್ನೋದು ರಾಜಕೀಯದಲ್ಲಿ ಆಸಕ್ತಿ ಇರುವ ಎಲ್ಲರೂ ಓದಬೇಕಾದ ಕಥೆ. ಬಗೆಹರಿಯೋಕೆ ಹಿಡಿದದ್ದು ಹದಿನಾರು ವರ್ಷ.

2002ರಲ್ಲಿ ನ್ಯೂಯಾರ್ಕ್‌ನ ಲಾಂಗ್ ಐಲೆಂಡಿನಲ್ಲಿ ಗ್ರೆಗ್ ಗುಲ್‌ಬ್ರಾನ್ಸನ್ ಎಂಬ ಮಕ್ಕಳ ವೈದ್ಯರು ತಮ್ಮ ಎಸ್‌ಯುವಿಯನ್ನ ರಿವರ್ಸ್ ತೆಗೆಯುವಾಗ ಎರಡು ವರ್ಷದ ಸ್ವಂತ ಮಗ ಕ್ಯಾಮರನ್ ಅದರಡಿ ಸಿಕ್ಕಿ ತೀರಿಕೊಂಡ. ಎಚ್ಚರ ಇಲ್ಲದ ಮನುಷ್ಯ ಅಲ್ಲ ಅವರು. ಮಕ್ಕಳ ಜೀವ ಉಳಿಸೋದೇ ಅವರ ವೃತ್ತಿ. ಅವರೂ ಮತ್ತು ಇಂಥದ್ದೇ ದುಃಖ ಕಂಡ ಇತರ ತಂದೆತಾಯಿಗಳೂ ಸುಮ್ಮನೆ ಕೂರಲಿಲ್ಲ. 2008ರ ಫೆಬ್ರವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಸಹಿ ಹಾಕಿದ ಕಾನೂನಿಗೆ ಆ ಮಗುವಿನ ಹೆಸರೇ ಇದೆ. ಮೂರು ವರ್ಷದೊಳಗೆ, ಅಂದ್ರೆ 2011ಕ್ಕೆ, ಗಾಡಿಯ ಹಿಂಬದಿ ಕಾಣುವ ಹಾಗೆ ನಿಯಮ ಮಾಡಿ ಅಂತ ಆ ಕಾನೂನು ಸಾರಿಗೆ ಇಲಾಖೆಗೆ ಹೇಳಿತು.

ಇಲಾಖೆ ಗಡುವನ್ನ ಮುಂದೂಡಿತು. ಮತ್ತೆ ಮುಂದೂಡಿತು. ಖರ್ಚು ಜಾಸ್ತಿ, ಲಾಭ ಕಮ್ಮಿ ಅನ್ನೋ ವಾದ ನಡೀತಾನೇ ಇತ್ತು. 2013ರಲ್ಲಿ ಗ್ರಾಹಕ ಸಂಘಟನೆಗಳೂ ಪೋಷಕರೂ ಸೇರಿ ಸರ್ಕಾರದ ಮೇಲೇ ಕೇಸು ಹಾಕಿದರು. 2014ರ ಮಾರ್ಚ್ ಕೊನೆಗೆ ನಿಯಮ ಹೊರಬಂತು. 2018ರ ಮೇ 1ರಿಂದ ತಯಾರಾಗುವ, 10,000 ಪೌಂಡ್, ಅಂದ್ರೆ ಸುಮಾರು ನಾಲ್ಕೂವರೆ ಟನ್ ಒಳಗಿನ ಎಲ್ಲಾ ಹೊಸ ಗಾಡಿಗಳಿಗೂ ಹಿಂಬದಿ ಕ್ಯಾಮೆರಾ ಇರಲೇಬೇಕು. ಕಾರು, ಎಸ್‌ಯುವಿ, ಪಿಕಪ್ ಅನ್ನೋ ಭೇದ ಇಲ್ಲ. ಗಾಡಿಯ ಹಿಂದೆ 10 ಅಡಿ ಅಗಲ, 20 ಅಡಿ ಉದ್ದದ ಜಾಗ ಕಾಣಬೇಕು. ರಿವರ್ಸ್ ಹಾಕಿದ 2 ಸೆಕೆಂಡಿನೊಳಗೆ ಚಿತ್ರ ಬರಬೇಕು. ನಮ್ಮ ಮಾಮನ ಪಿಕಪ್ಪಿನ ತೂಕದ ಗಾಡಿ ಅಲ್ಲಿ ಇವತ್ತು ತಯಾರಾದರೆ ಕ್ಯಾಮೆರಾ ಇಲ್ಲದೆ ಶೋರೂಮಿಗೇ ಬರೋ ಹಾಗಿಲ್ಲ.

ನನ್ನನ್ನ ಹಿಡಿದು ನಿಲ್ಲಿಸಿದ್ದು ಆ ನಿಯಮದ ಹಿಂದಿನ ಲೆಕ್ಕ. ರಿವರ್ಸ್ ಬರುವ ಗಾಡಿಗಳಡಿ ಸಿಕ್ಕಿ ಅಲ್ಲಿ ವರ್ಷಕ್ಕೆ ಸುಮಾರು 210 ಜನ ಸಾಯ್ತಾರೆ, ಸುಮಾರು 15,000 ಜನ ಗಾಯಗೊಳ್ತಾರೆ ಅಂತ ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆಯ ಅಂದಾಜು. ಸತ್ತವರಲ್ಲಿ ಶೇ. 31ರಷ್ಟು ಐದು ವರ್ಷದೊಳಗಿನ ಮಕ್ಕಳು, ಶೇ. 26ರಷ್ಟು 70 ದಾಟಿದ ಹಿರಿಯರು. ಸ್ಕ್ರೀನ್ ಇಲ್ಲದ ಗಾಡಿಗೆ ಕ್ಯಾಮೆರಾ ವ್ಯವಸ್ಥೆಯ ಖರ್ಚು 132ರಿಂದ 142 ಡಾಲರ್, ಸ್ಕ್ರೀನ್ ಮೊದಲೇ ಇದ್ದರೆ 43ರಿಂದ 45 ಡಾಲರ್. ರಸ್ತೆಯ ಮೇಲಿನ ಎಲ್ಲಾ ಗಾಡಿಗಳಿಗೂ ಕ್ಯಾಮೆರಾ ಬಂದ ಮೇಲೆ ವರ್ಷಕ್ಕೆ ಉಳಿಯುವ ಜೀವ 58ರಿಂದ 69. ಬರೀ ದುಡ್ಡಿನ ತಕ್ಕಡಿಯಲ್ಲಿ ಇದು ತೂಗಲ್ಲ. ಆ ಸಂಸ್ಥೆ ಅದನ್ನ ಒಪ್ಪಿಕೊಂಡೇ ನಿಯಮ ಮಾಡಿತು. ಹೆತ್ತವರ ಕೈಯಲ್ಲೇ ಮಗು ಸಾಯೋದರ ನೋವಿಗೆ ಡಾಲರಿನಲ್ಲಿ ಬೆಲೆ ಕಟ್ಟೋಕೆ ಬರಲ್ಲ ಅನ್ನೋದನ್ನ ಸರ್ಕಾರಿ ಕಡತದಲ್ಲಿ ಒಂದು ಕಾರಣವಾಗಿ ಬರೆಯಲಾಯಿತು. ಸರ್ಕಾರಿ ಕಡತದಲ್ಲಿ ಇಂಥ ಮಾತು ಸಿಗೋದು ಅಪರೂಪ.

ಅಲ್ಲಿಗೆ ಎಲ್ಲಾ ಸರಿಹೋಯ್ತು ಅಂತಲ್ಲ. ಕ್ಯಾಮೆರಾ ಕೆಡುತ್ತೆ. 2020ರಲ್ಲಿ ಫೋರ್ಡ್ ಕಂಪನಿ ಎಫ್-150 ಪಿಕಪ್ ಸೇರಿದಂತೆ ಲಕ್ಷಗಟ್ಟಲೆ ಗಾಡಿಗಳನ್ನ ಕ್ಯಾಮೆರಾ ದೋಷಕ್ಕೆ ವಾಪಸ್ ಕರೆಯಬೇಕಾಯಿತು. ಆ ಕೆಲಸ ತಡ ಮಾಡಿದ್ದಕ್ಕೆ 2024ರ ನವೆಂಬರಿನಲ್ಲಿ 16.5 ಕೋಟಿ ಡಾಲರ್ ದಂಡ ಬಿತ್ತು. ಅದೇ ವರ್ಷ ಟೆಸ್ಲಾ ತನ್ನ ಸೈಬರ್‌ಟ್ರಕ್ ಪಿಕಪ್‌ಗಳಲ್ಲಿ 27,000ಕ್ಕೂ ಹೆಚ್ಚನ್ನ ವಾಪಸ್ ಕರೆಯಿತು. ಕಾರಣ ಇಷ್ಟೇ, ಚಿತ್ರ 2 ಸೆಕೆಂಡಿನೊಳಗೆ ಬರ್ತಿರಲಿಲ್ಲ. ಕ್ಯಾಮೆರಾ ಎಷ್ಟು ತಡವಾಗಿ ಆನ್ ಆಗುತ್ತೆ ಅಂತ ಸೆಕೆಂಡಿನ ಲೆಕ್ಕ ಕೇಳುವ ಅಧಿಕಾರ ಒಂದು ಸರ್ಕಾರಿ ಸಂಸ್ಥೆಗಿದೆ, ಕೇಳುತ್ತೂ ಇದೆ. ನಮ್ಮ ಟೇಪು ಅಂಟಿಸಿದ ಸ್ಕ್ರೀನಿನ ಬಗ್ಗೆ ಯಾರನ್ನ ಕೇಳೋಣ?

ಕ್ಯಾಮೆರಾ ಇದ್ದ ಮಾತ್ರಕ್ಕೆ ಜನ ನೋಡ್ತಾರೆ ಅಂತಲೂ ಅಲ್ಲ. ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಅಧ್ಯಯನದಲ್ಲಿ ಹಿಂಬದಿ ಕ್ಯಾಮೆರಾದಿಂದ ರಿವರ್ಸ್ ಅಪಘಾತಗಳು ಕಮ್ಮಿಯಾಗಿದ್ದು ಶೇ. 17ರಷ್ಟು. ತಾನೇ ಬ್ರೇಕ್ ಹಾಕುವ ವ್ಯವಸ್ಥೆಯೂ ಜೊತೆಗಿದ್ದರೆ ಶೇ. 78. ಅದೇ ಸಂಸ್ಥೆಯ ಇನ್ನೊಂದು ಪ್ರಯೋಗದಲ್ಲಿ ಮಗುವಿನ ಆಕಾರದ ಗೊಂಬೆಯನ್ನ ಗಾಡಿ ಹಿಂದೆ ಇಟ್ಟಾಗ ಕ್ಯಾಮೆರಾ ಇದ್ದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಗುದ್ದಿದರು. ಏನೂ ಇಲ್ಲದವರು ಎಲ್ಲರೂ ಗುದ್ದಿದರು. ಬರೀ ಬೀಪ್ ಸೆನ್ಸರ್ ಇದ್ದವರ ಫಲಿತಾಂಶ ಇದಕ್ಕಿಂತ ಹೆಚ್ಚು ಬೇರೆ ಇರಲಿಲ್ಲ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ. ನಮ್ಮ ದೇಶ ಆರಿಸಿಕೊಂಡಿದ್ದು ಅದನ್ನೇ.

ನಮ್ಮ ಪಟ್ಟಿಯಲ್ಲಿ ಆ ಕಾಲಂ ಇಲ್ಲ

ಭಾರತದಲ್ಲಿ 2019ರ ಜುಲೈ 1ರಿಂದ ತಯಾರಾಗುವ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ. ಕ್ಯಾಮೆರಾ ಅಲ್ಲ, ಬೀಪ್ ಅನ್ನೋ ಸೆನ್ಸರ್. ಕ್ಯಾಮೆರಾ ಬೇಕು ಅಂದ್ರೆ ಕಾರಿನ ಮೇಲಿನ ಮಾಡೆಲ್ ತಗೋಬೇಕು. ಬ್ರೋಷರಿನಲ್ಲಿ ಅದು ಸನ್‌ರೂಫಿನ ಪಕ್ಕದ ಸಾಲಿನಲ್ಲಿರುತ್ತೆ, ಒಂದು ಸುಖದ ವಸ್ತುವಿನ ಹಾಗೆ. ಹನ್ನೆರಡು ಲಕ್ಷದ ಕಾರು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಂಬಕ್ಕೆ ತಾಗದಿರಲಿ ಅಂತ ನಾಲ್ಕು ಕ್ಯಾಮೆರಾ. ದಿನಾ ನಾಲ್ಕು ಸಲ ಜನರ ಮಧ್ಯೆ ರಿವರ್ಸ್ ಬರುವ ಹಳೆಯ ಪಿಕಪ್‌ಗೆ ಎರಡು ಕನ್ನಡಿ. ಹೊಸ ಗಾಡಿಗೆ ನಾಳೆ ಏನೇ ನಿಯಮ ಬಂದರೂ ಮಾಮನ ಗಾಡಿಯಂಥ ಲಕ್ಷಾಂತರ ಹಳೆ ಗಾಡಿಗಳು ಇನ್ನೂ ಹತ್ತು ವರ್ಷ ರಸ್ತೆಯಲ್ಲೇ ಇರ್ತವೆ.

ಇದು ಯಾಕೆ ಯಾರಿಗೂ ದೊಡ್ಡ ವಿಷಯ ಅಲ್ಲ? ಲೆಕ್ಕ ಇಲ್ಲ, ಅದಕ್ಕೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಪ್ರತಿ ವರ್ಷ ರಸ್ತೆ ಅಪಘಾತಗಳ ವರದಿ ತರುತ್ತೆ. 2022ರಲ್ಲಿ 1,68,491 ಜನ ಸತ್ತರು, ಅದರಲ್ಲಿ 32,825 ಮಂದಿ ಪಾದಚಾರಿಗಳು. ಮುಖಾಮುಖಿ ಡಿಕ್ಕಿ, ಹಿಂದಿನಿಂದ ಡಿಕ್ಕಿ, ಪಕ್ಕದಿಂದ ಡಿಕ್ಕಿ, ನಿಂತ ಗಾಡಿಗೆ ಡಿಕ್ಕಿ, ಪಲ್ಟಿ, ಎಲ್ಲಕ್ಕೂ ಕಾಲಂ ಇದೆ. ರಿವರ್ಸ್ ಬಂದ ಗಾಡಿಯಡಿ ಸತ್ತವರಿಗೆ ಪ್ರತ್ಯೇಕ ಕಾಲಂ ಇಲ್ಲ. ಅಷ್ಟೇ ಅಲ್ಲ, ಆ ವರದಿ ಲೆಕ್ಕ ಹಾಕೋದು ಸಾರ್ವಜನಿಕ ಸಂಚಾರಕ್ಕೆ ತೆರೆದ ರಸ್ತೆಯ ಮೇಲಿನ ಅಪಘಾತಗಳನ್ನ. ರಿವರ್ಸ್ ಸಾವುಗಳು ನಡೆಯೋದು ಹೆಚ್ಚಾಗಿ ಎಲ್ಲಿ ಹೇಳಿ? ಮನೆ ಅಂಗಳ, ಕಣ, ಗೋಡೌನು, ಶಾಲೆಯ ಕಾಂಪೌಂಡು, ಕಟ್ಟಡ ಕಟ್ಟುವ ಜಾಗ. ಕಟ್ಟಡದ ಕೆಲಸಕ್ಕೆ ಬಂದ ತಾಯಿ ಸೀರೆ ಹಾಸಿ ಮರಳಿನ ಗುಡ್ಡೆಯ ನೆರಳಲ್ಲಿ ಮಗುವನ್ನ ಮಲಗಿಸಿರ್ತಾಳೆ. ಟಿಪ್ಪರ್ ಹಿಂದಕ್ಕೆ ಬರುತ್ತೆ. ಮರುದಿನ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು. ನೀವೂ ಓದಿರ್ತೀರಿ, ನಾನೂ ನ್ಯೂಸ್ ಡೆಸ್ಕಿನಲ್ಲಿ ಕೂತು ಆ ನಾಲ್ಕು ಸಾಲನ್ನ ಮೂರಕ್ಕೆ ಇಳಿಸಿದ್ದೀನಿ.

ಅಮೆರಿಕದಲ್ಲೂ ಮೊದಲು ಹೀಗೇ ಇತ್ತು. ರಸ್ತೆಯ ಮೇಲಾಗದ ಸಾವು ರಸ್ತೆ ಇಲಾಖೆಯ ಲೆಕ್ಕಕ್ಕೆ ಬರ್ತಿರಲಿಲ್ಲ. ಕ್ಯಾಮರನ್ ಹೆಸರಿನ ಕಾನೂನು ಹಿಂಬದಿ ಕಾಣುವ ಹಾಗೆ ಮಾಡಿ ಅಂತ ಹೇಳಿದ್ದರ ಜೊತೆಗೆ, ಇಂಥ ಸಾವುಗಳ ದಾಖಲೆ ಇಡಿ ಅಂತಲೂ ಹೇಳಿತು. ನನ್ನ ಪ್ರಕಾರ ಆ ಎರಡನೇ ಸಾಲು ಮೊದಲನೆಯದಕ್ಕಿಂತ ದೊಡ್ಡದು. ಜಾತಿಗಣತಿಯಿಂದ ಹಿಡಿದು ಕೋವಿಡ್ ಸಾವಿನವರೆಗೆ, ಎಣಿಸದೇ ಇರೋದು ಎಷ್ಟು ದೊಡ್ಡ ರಾಜಕೀಯ ಅಂತ ಈ ಪೀಳಿಗೆಗೆ ನಾನು ಹೇಳಬೇಕಿಲ್ಲ.

ಇನ್ನು ಕಾನೂನಿನ ಮಾತು. ಹಿಂದೆ ಯಾರಿಗೂ ಅಪಾಯ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳದೆ ಗಾಡಿ ಹಿಂದಕ್ಕೆ ತೆಗೆಯಬಾರದು ಅಂತ ನಮ್ಮ ಚಾಲನಾ ನಿಯಮಗಳು ಹೇಳ್ತವೆ. ಸರಿಯಾದ ಮಾತೇ. ತಪ್ಪಿದರೆ ನಿರ್ಲಕ್ಷ್ಯದಿಂದ ಸಾವು. ಹಳೆಯ ಐಪಿಸಿ 304ಎ ಅಡಿಯಲ್ಲಿ ಗರಿಷ್ಠ 2 ವರ್ಷ ಇದ್ದ ಶಿಕ್ಷೆ, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ನಿನಲ್ಲಿ 5 ವರ್ಷಕ್ಕೆ ಏರಿದೆ. ಅಂದ್ರೆ ಕಾಣದ್ದನ್ನ ನೋಡಬೇಕಾದ ಹೊಣೆ ಪೂರ್ತಿ ಡ್ರೈವರ್‌ದು, ನೋಡದಿದ್ದಕ್ಕೆ ಶಿಕ್ಷೆಯೂ ಎರಡೂವರೆ ಪಟ್ಟು. ಕಾಣದ ಹಾಗೆ ಗಾಡಿ ಮಾಡಿದವರ ಹೊಣೆ ಎಷ್ಟು? ಆ ಪ್ರಶ್ನೆ ಎಫ್‌ಐಆರ್‌ನಲ್ಲಿ ಬರಲ್ಲ.

ಹಿಂದೆಲ್ಲಾ ನಮ್ಮಲ್ಲೂ ಒಂದು ಬ್ಯಾಕಪ್ ಕ್ಯಾಮೆರಾ ಇತ್ತು. ಅದರ ಹೆಸರು ಕ್ಲೀನರ್. ಲಾರಿ ರಿವರ್ಸ್ ಬರುವಾಗ ಹಾರಿ ಇಳಿದು, ಬಾಡಿಗೆ ತಟ್ಟುತ್ತಾ "ಬರ್ಲಿ ಬರ್ಲಿ ಬರ್ಲಿ... ಲೆಫ್ಟ್ ಕಟ್ ಮಾಡಿ... ಹೋಲ್ಡಾನ್" ಅಂತ ಕೂಗುವ ಹುಡುಗ. ಬಸ್ಸಿನಲ್ಲಿ ಆ ಕೆಲಸ ಕಂಡಕ್ಟರ್ ಸೀಟಿಯದ್ದು. ಎಡಬಲ ತಪ್ಪಿ ತೋರಿಸಲ್ಲ, ಕೆಸರಾದರೂ ಕಣ್ಣು ಮಂಜಾಗಲ್ಲ, ಮಗುವನ್ನ ಎತ್ತಿ ಪಕ್ಕಕ್ಕೆ ಬಿಡುವ ಕೈಗಳೂ ಇದ್ದವು. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ಸರಕು ಗಾಡಿಗಳ ಲೆಕ್ಕವೇ ಬದಲಾಯಿತು. ಓನರ್ರೇ ಡ್ರೈವರ್, ಡ್ರೈವರ್ರೇ ಕ್ಲೀನರ್ರು, ಎಷ್ಟೋ ಸಲ ಹಮಾಲಿಯೂ ಅವನೇ. ಡೀಸೆಲ್ ದರ, ಇಎಂಐ, ಆ್ಯಪ್ ಕಂಪನಿಗಳು ಕೊಡುವ ಟ್ರಿಪ್ ರೇಟು, ಇವುಗಳ ನಡುವೆ ಇನ್ನೊಬ್ಬನ ಕೂಲಿಗೆ ಜಾಗವೇ ಇಲ್ಲ. ಸಾರಿಗೆ ಸಂಸ್ಥೆಗಳೂ ಡ್ರೈವರ್-ಕಂ-ಕಂಡಕ್ಟರ್ ಹುದ್ದೆ ಮಾಡಿಕೊಂಡಿವೆ. ಮನುಷ್ಯನನ್ನ ತೆಗೆದ ಜಾಗಕ್ಕೆ ಯಂತ್ರ ಬಂತು ಅಂತ ನಾವು ಸಾಮಾನ್ಯವಾಗಿ ದೂರುತ್ತೀವಿ. ಇಲ್ಲಿ ಯಂತ್ರವೂ ಬರಲಿಲ್ಲ. ಜಾಗ ಖಾಲಿ ಬಿತ್ತು. ಉಳಿದಿದ್ದು ಹಿಂದಿ ಸಿನಿಮಾ ಹಾಡಿನ ಟ್ಯೂನಿನಲ್ಲಿ ಕುಯ್ಯೋ ಅನ್ನುವ ರಿವರ್ಸ್ ಹಾರ್ನು. 'ನಾನು ಬರ್ತಿದ್ದೀನಿ, ನೀನೇ ಸರಿದುಕೋ' ಅಂತ ಅದು ಹೇಳುತ್ತೆ. ಎರಡು ವರ್ಷದ ಮಗುವಿಗೆ ಅದು ಬರೀ ಹಾಡು.

ಹಾಗಾದರೆ ನಾಳೆಯೇ ಎಫ್‌ಸಿಗೆ ಕ್ಯಾಮೆರಾ ಕಡ್ಡಾಯ ಮಾಡಿಬಿಡೋಣವೇ? ಇದಕ್ಕೆ ನಾನು ಸುಲಭವಾಗಿ ಹೂಂ ಅನ್ನಲ್ಲ. ಸ್ಪೀಡ್ ಗವರ್ನರ್ ಕಥೆ ಏನಾಯ್ತು ಅಂತ ಯಾವ ಡ್ರೈವರನ್ನ ಬೇಕಾದರೂ ಕೇಳಿ. ಎಫ್‌ಸಿ ದಿನ ಕೂತಿರುತ್ತೆ, ಮರುದಿನ ಬಿಚ್ಚಿರುತ್ತೆ. ಲೊಕೇಶನ್ ಟ್ರ್ಯಾಕಿಂಗ್ ಯಂತ್ರ ಕಡ್ಡಾಯ ಆದಾಗ ಗಾಡಿ ಮಾಲೀಕರು ಬೀದಿಗಿಳಿದಿದ್ದು ಬೆಲೆಯ ಕಾರಣಕ್ಕೆ. ರಿವರ್ಸ್ ಲೈಟೇ ಉರಿಯದ ಗಾಡಿ ಎಫ್‌ಸಿ ಪಾಸಾಗಿ ಬಂದಿದ್ದನ್ನ ನಾನು ಕಣ್ಣಾರೆ ಕಂಡಿದ್ದೀನಿ. ಅಂಥ ಕಡೆ ಕ್ಯಾಮೆರಾ ಕಡ್ಡಾಯ ಅಂದ್ರೆ ಎಫ್‌ಸಿ ಕಚೇರಿ ಮುಂದೆ ಇನ್ನೊಂದು ಅಂಗಡಿ ತೆರೆಯುತ್ತೆ, ಅಷ್ಟೇ. ಎಡಬಲ ತಿರುಗದ ಐನೂರು ರೂಪಾಯಿ ಕ್ಯಾಮೆರಾ, ಅದಕ್ಕೊಂದು ರಸೀದಿ.

ಕಾರ್ಖಾನೆಯಿಂದ ಹೊರಬರುವ ಪ್ರತಿ ಹೊಸ ಸರಕು ಗಾಡಿಗೆ, ಎಷ್ಟೇ ಸಣ್ಣದಿರಲಿ, ಕ್ಯಾಮೆರಾ ಇರಬೇಕು. ಯಾವ ಜಾಗ ಕಾಣಬೇಕು, ಎಷ್ಟು ಸೆಕೆಂಡಿನಲ್ಲಿ ಕಾಣಬೇಕು ಅಂತ ಅಳತೆ ಕೊಟ್ಟೇ ನಿಯಮ ಮಾಡಬೇಕು. ಅದು ಕೆಟ್ಟರೆ ಕಂಪನಿಯನ್ನ ಹಿಡಿಯೋಕೆ ದಾರಿ ಇರುತ್ತೆ. ಯುರೋಪಿನಲ್ಲಿ 2024ರ ಜುಲೈಯಿಂದ ಲಾರಿ, ವ್ಯಾನು, ಬಸ್ಸು ಸೇರಿ ಎಲ್ಲಾ ಹೊಸ ಗಾಡಿಗಳಿಗೂ ಹಿಂಬದಿಯನ್ನ ಗ್ರಹಿಸುವ ವ್ಯವಸ್ಥೆ ಬೇಕೇ ಬೇಕು. ಅಲ್ಲಿಗೆ ರಫ್ತು ಮಾಡುವಾಗ ಆಗುವ ಕೆಲಸ ಇಲ್ಲಿಗೆ ಆಗಲ್ಲ ಅನ್ನೋ ಮಾತನ್ನ ಯಾವ ಕಂಪನಿ ಹೇಳಿದರೂ ನಾನು ನಂಬಲ್ಲ. ಹಳೆ ಗಾಡಿಗಳದ್ದು ಕಷ್ಟದ ಪ್ರಶ್ನೆ. ಕರ್ನಾಟಕದಲ್ಲಿ ಮೋಟಾರು ಸಾರಿಗೆ ಕಾರ್ಮಿಕರಿಗೆ ಅಂತಲೇ ಒಂದು ಕಲ್ಯಾಣ ಮಂಡಳಿ ಇದೆ, ಗಿಗ್ ಕಾರ್ಮಿಕರಿಗೆ 2025ರ ಕಾನೂನಿದೆ. ಅಪಘಾತ ಆದ ಮೇಲೆ ಪರಿಹಾರ ಕೊಡೋದು ಈ ವ್ಯವಸ್ಥೆಗೆ ಗೊತ್ತು. ಆಗುವ ಮೊದಲು ಒಳ್ಳೆ ಗುಣಮಟ್ಟದ ಕ್ಯಾಮೆರಾವನ್ನ ಅರ್ಧ ಬೆಲೆಗೆ ಕೊಟ್ಟು, ಐಟಿಐ ಹುಡುಗರ ಕೈಲಿ ಸರಿಯಾಗಿ ಹಾಕಿಸಿಕೊಟ್ಟರೆ ಆ ದುಡ್ಡು ಹಾಳಾಗಲ್ಲ. ಡ್ರೈವರ್ ಸಂಘಟನೆಗಳು ಇದನ್ನ ಬೇಡಿಕೆ ಪಟ್ಟಿಗೆ ಸೇರಿಸಬೇಕು ಅಂತ ನನ್ನ ಆಸೆ. ಈ ಸಾವುಗಳಲ್ಲಿ ಜೈಲಿಗೆ ಹೋಗೋದು ಅವರೇ, ಮಗುವನ್ನ ಕಳೆದುಕೊಳ್ಳುವವರೂ ಎಷ್ಟೋ ಸಲ ಅವರೇ.

ಮಾಮನ ಕ್ಯಾಮೆರಾ ಹೇಗಿದೆ ಅಂತ ಕೇಳ್ತೀರಾ? ಪರವಾಗಿಲ್ಲ. ಎಪಿಎಂಸಿಯ ಗಲಾಟೆಯಲ್ಲಿ, ಕ್ರೇಟು ಹೊತ್ತ ಹಮಾಲಿಗಳು ಅಡ್ಡಡ್ಡ ಓಡಾಡುವಾಗ ಬಹಳ ಉಪಯೋಗ ಆಗಿದೆಯಂತೆ. ಮಳೆ ಬಂದ ದಿನ ಲೆನ್ಸಿನ ಮೇಲೆ ಕೆಸರು ಕೂತು ಏನೂ ಕಾಣಲ್ಲ. ಹೆಗಲ ಮೇಲಿನ ಟವೆಲ್ಲಿನಲ್ಲಿ ಒರೆಸಿಕೊಂಡೇ ಹತ್ತೋದು ಅಭ್ಯಾಸ ಆಗಿದೆ. ಒರೆಸೋಕೆ ಗಾಡಿಯ ಹಿಂದಕ್ಕೆ ಹೋಗಲೇಬೇಕಲ್ಲ, ಆ ನೆಪದಲ್ಲಿ ಹಿಂದೆ ಯಾರಿದ್ದಾರೆ ಅಂತಲೂ ನೋಡಿದ ಹಾಗಾಗುತ್ತೆ.

ಒಂದೇ ಒಂದು ತೊಂದರೆ ನಾವು ಯಾರೂ ಊಹಿಸಿರಲಿಲ್ಲ. ಕ್ಯಾಮೆರಾ ಹಾಕಿದ ದಿನ ಮೊಮ್ಮಗಳನ್ನ ಮಡಿಲಲ್ಲಿ ಕೂರಿಸಿಕೊಂಡು ಸ್ಕ್ರೀನ್ ತೋರಿಸಿದ್ದೆವು. ಹಿಂದೆ ನಿಂತ ಅಜ್ಜಿ ಟೀವಿಯಲ್ಲಿ ಬಂದಳು ಅಂತ ಅವಳಿಗೆ ಸಂಭ್ರಮ. ಆಗಿನಿಂದ ರಿವರ್ಸ್ ಹಾರ್ನು ಕೇಳಿದ ತಕ್ಷಣ ತಾನೂ ಟೀವಿಯಲ್ಲಿ ಬರಬೇಕು ಅಂತ ಗಾಡಿಯ ಹಿಂದಕ್ಕೇ ಓಡ್ತಾಳೆ. ಅತ್ತೆ ಈಗ ಒಂದು ನಿಯಮ ಮಾಡಿದ್ದಾರೆ. ಮಗು ತನ್ನ ಕಂಕುಳಿಗೆ ಬಂದು, ತಾನು "ಹೂಂ" ಅನ್ನೋ ತನಕ ಮಾಮ ಕೀ ತಿರುಗಿಸೋ ಹಾಗಿಲ್ಲ.